ಸಿ ಭಾಷೆಯಲ್ಲಿ ರೆಗೆಕ್ಸ್‌ಗೆ ಸಿಕ್ಕ ತುಂಡನ್ನು ಹೊರತೆಗೆಯೋದು

ಕೋಲಾರ ಮಂಡಿಯ ಟೊಮೆಟೊ ರೇಟುಗಳನ್ನು ಸಿ ಪ್ರೋಗ್ರಾಂನಲ್ಲಿ ಓದಿಸುತ್ತಿದ್ದೆ. ಸಾಲು ಹೀಗಿತ್ತು: 'ಟೊಮೆಟೊ 15 ಕೆಜಿ 420'. ನನಗೆ ಬೇಕಿದ್ದದ್ದು ಎರಡು ಸಂಖ್ಯೆ ಮಾತ್ರ, 15 ಮತ್ತು 420. ಅದಕ್ಕೆ ಬರೆದ ರೆಗೆಕ್ಸ್, ಅಂದರೆ ಪಠ್ಯದಲ್ಲಿ ಹುಡುಕುವ ಪ್ಯಾಟರ್ನ್: '([0-9]+) ಕೆಜಿ ([0-9]+)'.

'ರೆಗ್‌ಎಕ್ಸೆಕ್' (regexec, ಪ್ಯಾಟರ್ನನ್ನು ಸಾಲಲ್ಲಿ ಹುಡುಕುವ ಫಂಕ್ಷನ್) ನಿಮ್ಮ ಕೈಗೆ ಪದ ಕೊಡಲ್ಲ, ಜಾಗ ಮಾತ್ರ ತೋರಿಸುತ್ತೆ. ಎಲ್ಲಿ ಶುರು, ಎಲ್ಲಿ ಮುಗೀತು, ಅಷ್ಟೇ. ಆ ಜಾಗಗಳನ್ನು ಅದು ನೀವು ಕೊಟ್ಟ ಅರೇಯಲ್ಲಿ ತುಂಬುತ್ತೆ. ಅರೇಯ 0ನೇ ಮನೆಯಲ್ಲಿ ಪೂರ್ತಿ ಹೊಂದಿಕೆ ಇರುತ್ತೆ. ನಿಮ್ಮ ಬ್ರಾಕೆಟ್‌ಗಳು 1ರಿಂದ ಶುರು. ಹಾಗಾಗಿ ಬ್ರಾಕೆಟ್‌ಗಳಿಗಿಂತ ಒಂದು ಮನೆ ಜಾಸ್ತಿ ಇಡಿ.

ನನ್ನ ಸಾಲಲ್ಲಿ 15 ಶುರುವಾಗಿದ್ದು 19ರಲ್ಲಿ, ಕೊನೆ 21. ಕಣ್ಣಿಗೆ 'ಟೊಮೆಟೊ' ಮೂರೇ ಅಕ್ಷರ, ಅಲ್ವಾ? ಆದರೆ ಲೆಕ್ಕ ಬೈಟ್‌ನಲ್ಲಿ. ಯುಟಿಎಫ್-8ರಲ್ಲಿ (ಅಕ್ಷರಗಳನ್ನು ಬೈಟ್‌ಗಳಾಗಿ ಬರೆಯುವ ರೀತಿ) ಆ ಪದಕ್ಕೇ 18 ಬೈಟ್, ಮೇಲೊಂದು ಸ್ಪೇಸ್. ಕನ್ನಡ ಪಠ್ಯ ಇಟ್ಟುಕೊಂಡು ಕೆಲಸ ಮಾಡುವವರು ಇದನ್ನು ದಯವಿಟ್ಟು ಮರೀಬೇಡಿ.

ಕೊನೆಯಿಂದ ಶುರು ಕಳೆದರೆ ಉದ್ದ. ಅಷ್ಟನ್ನು 'ಮೆಮ್‌ಕಾಪಿ' (memcpy, ಬೈಟ್ ಕಾಪಿ ಮಾಡುವ ಫಂಕ್ಷನ್) ಮಾಡಿ, ಪದ ಅಲ್ಲಿಗೆ ಮುಗೀತು ಅಂತ ತೋರಿಸೋಕೆ ತುದಿಗೆ ಸೊನ್ನೆ ಬೈಟ್ ಹಾಕಿ. ಸುಮ್ನೆ ಪ್ರಿಂಟ್ ಮಾಡಿ ನೋಡೋಕೆ printfಗೆ '%.*s' ಕೊಟ್ಟರೆ ಸಾಕು, ಆದರೆ ಉದ್ದವನ್ನು 'ಇಂಟ್'ಗೆ ಬದಲಿಸಿ ಕೊಡಿ.

ಐಚ್ಛಿಕ (ಇಲ್ಲದಿದ್ದರೂ ನಡೆಯುವ) ಬ್ರಾಕೆಟ್ ಹೊಂದದೇ ಹೋದರೆ ಶುರು -1 ಆಗಿರುತ್ತೆ. ಕಾಪಿ ಮಾಡುವ ಮೊದಲು ಅದನ್ನು ನೋಡಿಕೊಳ್ಳಿ. ಪ್ಯಾಟರ್ನನ್ನು regcomp ಫಂಕ್ಷನ್‌ನಿಂದ ಕಂಪೈಲ್ ಮಾಡುವಾಗ 'ಎಕ್ಸ್‌ಟೆಂಡೆಡ್' (REG_EXTENDED) ಫ್ಲಾಗ್ ಕೊಡಿ, 'ನೋಸಬ್' (REG_NOSUB) ಬೇಡ, ಅದು ಕೊಟ್ಟರೆ ಈ ಜಾಗಗಳೇ ಸಿಗಲ್ಲ.