ಜುಲೈಯಲ್ಲಿ ಊರು, ಸೆಪ್ಟೆಂಬರಿನಲ್ಲಿ ರಿಂಕ್: ಕೆನಡಾದಲ್ಲಿ ಐಸ್ ಹಾಕಿ ಆಡುವ ಮಕ್ಕಳ ಮೈ ತಯಾರಿ

ಹಾಸನ, ಚಿಕ್ಕಮಗಳೂರಿನ ಕಡೆ ಹಾಕಿ ಎಂದರೆ ಪಕ್ಕದ ಕೊಡಗಿನವರು ಮೈದಾನದಲ್ಲಿ ಆಡುವ ಆಟ. ಕೆನಡಾದಲ್ಲಿ ಬರೀ ‘ಹಾಕಿ’ ಎಂದರೆ ಐಸ್ ಹಾಕಿ. 1994ರ ಕಾಯ್ದೆ ಅದನ್ನು ಅಲ್ಲಿನ ರಾಷ್ಟ್ರೀಯ ಚಳಿಗಾಲದ ಕ್ರೀಡೆ ಎಂದು ಸಾರಿದೆ. ಈ ಆಟದ ವರ್ಷ ಸೆಪ್ಟೆಂಬರಿನಲ್ಲಿ ಶುರುವಾಗಿ ಮಾರ್ಚ್ ಅಥವಾ ಏಪ್ರಿಲ್‌ಗೆ ಮುಗಿಯುತ್ತದೆ. ಆಮೇಲೆ ಎರಡು ಮೂರು ವಾರ ವಿಶ್ರಾಂತಿ. ಮೇ ತಿಂಗಳಿನಿಂದ ಆಗಸ್ಟ್‌ವರೆಗೆ ಮೈ ಕಟ್ಟುವ ಕಾಲ. ಕೆನಡಾದಲ್ಲಿ ನೆಲೆಸಿದ ನಾವು ಊರಿಗೆ ಟಿಕೆಟ್ ತೆಗೆಸುವುದೂ ಇದೇ ಹೊತ್ತಿನಲ್ಲಿ, ಜುಲೈಯಲ್ಲಿ, ಶಾಲೆಗೆ ರಜೆ ಬಿಟ್ಟ ಕೂಡಲೇ. ಅಜ್ಜಿ ತಾತನ ಮನೆಯಲ್ಲಿ ಐದು ವಾರ ಕಳೆದು ಹಿಂತಿರುಗುವಷ್ಟರಲ್ಲಿ ತಂಡದ ಆಯ್ಕೆ ಬಾಗಿಲಿಗೆ ಬಂದಿರುತ್ತದೆ. ಊರಿನ ಪ್ರಯಾಣ ಬಿಡಬೇಕಾಗಿಲ್ಲ. ಅದನ್ನು ಲೆಕ್ಕಕ್ಕೆ ಹಿಡಿದು ತಯಾರಿ ಹಂಚಿಕೊಂಡರೆ ಎರಡೂ ನಡೆಯುತ್ತವೆ.

ಯಾರಿಗೆ ಯಾವಾಗ ಬೇಕು

ಅಲ್ಲಿ ಈ ಆಟದ ಆಡಳಿತ ನಡೆಸುವ ಹಾಕಿ ಕೆನಡಾ ಸಂಸ್ಥೆ ವಯಸ್ಸಿನ ಗುಂಪುಗಳನ್ನು ಯು-7 (ಅಂಡರ್-7, ಅಂದರೆ ಏಳು ವರ್ಷದೊಳಗಿನವರು), ಯು-9, ಯು-11, ಯು-13, ಯು-15, ಯು-18 ಎಂದು ಕರೆಯುತ್ತದೆ. ಲೆಕ್ಕ ಡಿಸೆಂಬರ್ 31ಕ್ಕೆ. 2025-26ರ ಸಾಲಿನ ಯು-15ರಲ್ಲಿ ಆಡುವವರು 2011 ಮತ್ತು 2012ರಲ್ಲಿ ಹುಟ್ಟಿದವರು. ಡಿಸೆಂಬರಿನಲ್ಲಿ ಹುಟ್ಟಿದ ಮಗು ತನಗಿಂತ ಹನ್ನೊಂದು ತಿಂಗಳು ದೊಡ್ಡದಾದ ಜನವರಿ ಮಗುವಿನ ಜೊತೆ ಒಂದೇ ಗೆರೆಯಲ್ಲಿ ನಿಂತು ಓಡಬೇಕಾಗುತ್ತದೆ ಎಂಬುದನ್ನು ಫಲಿತಾಂಶದ ಹಾಳೆ ನೋಡುವಾಗ ಮರೆಯಬೇಡಿ. ಹುಡುಗರು ಅತಿ ವೇಗವಾಗಿ ಎತ್ತರ ಬೆಳೆಯುವುದು ಸುಮಾರು 14ಕ್ಕೆ, ಹುಡುಗಿಯರು ಸುಮಾರು 12ಕ್ಕೆ. ಆ ಒಂದು ವರ್ಷ ಕೈಕಾಲು ಹಿಡಿತ ತಪ್ಪಿದಂತಿರುತ್ತವೆ, ಓಟದ ಸಮಯ ಕೆಡಬಹುದು. ಮಂಡಿಚಿಪ್ಪಿನ ಕೆಳಗೆ ಗಂಟು ಬಂದಂತೆ ನೋವಾದರೆ ಜಿಗಿತ ಕಡಿಮೆ ಮಾಡಿ ಫಿಸಿಯೋಥೆರಪಿಸ್ಟರಿಗೆ ತೋರಿಸಿ.

ಮೊಹಲ್ಲಾ ಮಟ್ಟದ ಹೌಸ್ ಲೀಗ್‌ನಲ್ಲಿ ದೈಹಿಕ ಪರೀಕ್ಷೆ ಸಾಮಾನ್ಯವಾಗಿ ಇರುವುದಿಲ್ಲ. ಎಂಟು ಹತ್ತು ವರ್ಷದ ಮಗುವಿಗೆ ಮರ ಹತ್ತುವುದು, ಈಜು, ಕಬಡ್ಡಿ, ಕುಂಟೆಬಿಲ್ಲೆ ಸಾಕು. ಯು-15ರಿಂದ ಡಬಲ್-ಎ, ಟ್ರಿಪಲ್-ಎ ಎಂಬ ಮೇಲ್ಮಟ್ಟದ ತಂಡಗಳಲ್ಲಿ ಪರೀಕ್ಷೆಗಳು ಎದುರಾಗತೊಡಗುತ್ತವೆ. ದೇಹ ತಾಗಿಸಿ ತಡೆಯುವ ಬಾಡಿ ಚೆಕಿಂಗ್‌ಗೂ ಅವಕಾಶ ಶುರುವಾಗುವುದು ಈ ವಯಸ್ಸಿನಲ್ಲೇ. 2013ರಲ್ಲಿ ಹಾಕಿ ಕೆನಡಾ ಅದನ್ನು ಯು-13ರಿಂದ ಮೇಲಕ್ಕೆ ಸರಿಸಿತು. ಹಾಗಾಗಿ ಈ ವಯಸ್ಸಿಗೆ ಕುತ್ತಿಗೆ, ಭುಜ, ಸೊಂಟಕ್ಕೆ ಬಲ ಬೇಕು.

ಆಯ್ಕೆ ಕೆಲವು ಸಂಘಗಳಲ್ಲಿ ಏಪ್ರಿಲ್-ಮೇನಲ್ಲಿ, ಕೆಲವು ಕಡೆ ಆಗಸ್ಟ್ ಕೊನೆ, ಸೆಪ್ಟೆಂಬರಿನಲ್ಲಿ ನಡೆಯುತ್ತದೆ. ಟಿಕೆಟ್ ತೆಗೆಸುವ ಮೊದಲು ಸಂಘಕ್ಕೆ ಬರೆದು ತಾರೀಖು ಕೇಳಿಕೊಳ್ಳಿ. ಖರ್ಚು ಭಾರವೆನಿಸಿದರೆ ಜಂಪ್‌ಸ್ಟಾರ್ಟ್, ಕಿಡ್‌ಸ್ಪೋರ್ಟ್ ಎಂಬ ನೆರವಿನ ನಿಧಿಗಳಿವೆ. ಕೇಳುವುದಕ್ಕೆ ಸಂಕೋಚ ಬೇಡ. ಅವು ಇರುವುದೇ ಅದಕ್ಕೆ.

ತರಬೇತುದಾರರನ್ನು ಹುಡುಕುವಾಗ ಒಂದು ಮಾತು. ‘ಪರ್ಸನಲ್ ಟ್ರೇನರ್’ ಎಂಬ ಹೆಸರಿಗೆ ಒಂಟಾರಿಯೊದಲ್ಲಿ ಕಾನೂನಿನ ಕಟ್ಟುಪಾಡಿಲ್ಲ, ಯಾರು ಬೇಕಾದರೂ ಹಾಕಿಕೊಳ್ಳಬಹುದು. ‘ರಿಜಿಸ್ಟರ್ಡ್ ಕಿನಿಸಿಯಾಲಜಿಸ್ಟ್’ (ದೇಹದ ಚಲನೆಯ ತಜ್ಞ) ಎಂಬುದಕ್ಕೆ ಕಾಲೇಜ್ ಆಫ್ ಕಿನಿಸಿಯಾಲಜಿಸ್ಟ್ಸ್ ಆಫ್ ಒಂಟಾರಿಯೊದ ನೋಂದಣಿ ಬೇಕು. ಹೆಸರು ಅದರ ಪಟ್ಟಿಯಲ್ಲಿದೆಯೇ ಎಂದು ನೀವೇ ನೋಡಬಹುದು. ಜೊತೆಗೆ ‘ರೂಲ್ ಆಫ್ ಟೂ’ ಎಂಬುದನ್ನು ನೆನಪಿಡಿ: ಮಗು ಒಬ್ಬ ತರಬೇತುದಾರರ ಜೊತೆ ಮುಚ್ಚಿದ ಕೋಣೆಯಲ್ಲಿ ಒಂಟಿಯಾಗಿ ಇರಬಾರದು. ಇದನ್ನು ಕೇಳಿದರೆ ಅಲ್ಲಿ ಯಾರೂ ಅವಮಾನ ಎಂದುಕೊಳ್ಳುವುದಿಲ್ಲ.

ಪರೀಕ್ಷೆಯ ದಿನ

ಮೊದಲು ಆರೋಗ್ಯದ ಪ್ರಶ್ನಾವಳಿ. ಉಬ್ಬಸ, ತಲೆಸುತ್ತು, ಮನೆತನದಲ್ಲಿ ಚಿಕ್ಕ ವಯಸ್ಸಿನ ಹೃದಯಾಘಾತ ಇದ್ದರೆ ಬರೆಯಿರಿ, ಮುಚ್ಚಿಡಬೇಡಿ. ಆಮೇಲೆ ಎತ್ತರ, ತೂಕ, ಹತ್ತು ಹದಿನೈದು ನಿಮಿಷ ಮೈ ಬಿಸಿಮಾಡುವುದು. ನಂತರ ಜಿಗಿತ ಮತ್ತು ಸಣ್ಣ ಓಟ, ಆಮೇಲೆ ಬಲದ ಪರೀಕ್ಷೆ, ಕೊನೆಗೆ ದಮ್ಮಿನ ಪರೀಕ್ಷೆ. ದಣಿದ ಕಾಲಲ್ಲಿ ಜಿಗಿದರೆ ಜಿಗಿತದ ಅಳತೆ ಸುಳ್ಳಾಗುತ್ತದೆ, ಅದಕ್ಕೇ ಈ ಕ್ರಮ. ಮನೆಯಲ್ಲಿ ಅಭ್ಯಾಸ ಮಾಡಿಸುವಾಗಲೂ ಇದೇ ಕ್ರಮದಲ್ಲಿ ಮಾಡಿಸಿ.

ನಿಂತಲ್ಲಿಂದ ಉದ್ದ ಜಿಗಿತದಲ್ಲಿ ಅಳೆಯುವುದು ಗೆರೆಯಿಂದ ಹಿಂದಿನ ಹಿಮ್ಮಡಿಯವರೆಗೆ. ಇಳಿದ ಮೇಲೆ ಹಿಂದಕ್ಕೆ ವಾಲಿ ಕೈ ಊರಿದರೆ ಆ ಜಿಗಿತ ಹೋಯಿತು. ಮಕ್ಕಳು ತಪ್ಪುವುದು ಇಲ್ಲೇ: ತುಂಬಾ ಆಳಕ್ಕೆ ಕುಳಿತು, ಒಂದು ಕ್ಷಣ ನಿಂತು, ಆಮೇಲೆ ಜಿಗಿಯುತ್ತಾರೆ. ಕೂರುವುದು, ಕೈ ಬೀಸುವುದು, ಹಾರುವುದು ಒಂದೇ ಉಸಿರಿನಲ್ಲಿ ಆಗಬೇಕು.

5-10-5 ಓಟಕ್ಕೆ ಮೂರು ಗೆರೆ, ಐದೈದು ಗಜ ಅಂತರ. ಐದು ಗಜವೆಂದರೆ 4.57 ಮೀಟರ್. ನಡುಗೆರೆಯ ಎರಡೂ ಪಕ್ಕಕ್ಕೆ ಕಾಲಿಟ್ಟು ನಿಲ್ಲಬೇಕು. ಬಲಕ್ಕೆ ಐದು ಗಜ ಓಡಿ ಗೆರೆ ಮುಟ್ಟಿ, ತಿರುಗಿ ಎಡಕ್ಕೆ ಹತ್ತು ಗಜ ಓಡಿ ಗೆರೆ ಮುಟ್ಟಿ, ಮತ್ತೆ ಐದು ಗಜ ಓಡಿ ನಡುಗೆರೆ ದಾಟಬೇಕು. ಒಟ್ಟು 20 ಗಜ. ಸಮಯ ಹಾಳಾಗುವುದು ತಿರುವಿನಲ್ಲಿ. ನೆಟ್ಟಗೆ ನಿಂತು ಕೈ ಚಾಚಲು ಸೊಂಟ ಬಗ್ಗಿಸುವ ಮಗುವಿಗೆ ಮತ್ತೆ ಎದ್ದು ಓಡಲು ಹೊತ್ತು ಬೇಕು. ಗೆರೆಗೆ ಎರಡು ಹೆಜ್ಜೆ ಮುಂಚೆಯೇ ಮಂಡಿ ಮಡಿಸಿ ಮೈ ತಗ್ಗಿಸಿ, ಗೆರೆಯ ಕಡೆಯ ಕಾಲನ್ನು ಅಡ್ಡವಾಗಿ ಊರಿ, ಎದೆಯನ್ನು ಹೊರಡುವ ದಿಕ್ಕಿಗೆ ಆಗಲೇ ತಿರುಗಿಸಿಟ್ಟಿರಬೇಕು. ಎಡಕ್ಕೂ ಬಲಕ್ಕೂ ಅಭ್ಯಾಸ ಬೇಕು. ನೀವು ಸ್ಟಾಪ್‌ವಾಚ್ ಒತ್ತಿ ಅಳೆದ ಸಮಯ, ಲೇಸರ್ ಗೇಟ್ ಅಳೆದದ್ದಕ್ಕಿಂತ ಸಾಮಾನ್ಯವಾಗಿ ಸುಮಾರು 0.2 ಸೆಕೆಂಡ್ ಕಡಿಮೆ ಬರುತ್ತದೆ. ಮನೆಯ ಅಳತೆಯನ್ನು ಮನೆಯ ಅಳತೆಗೇ ಹೋಲಿಸಿ.

ಕೊನೆಯಲ್ಲಿ ಬರುವ ಬೀಪ್ ಟೆಸ್ಟ್ ಮಾಂಟ್ರಿಯಲ್ ವಿಶ್ವವಿದ್ಯಾಲಯದ ಲೂಕ್ ಲೆಜೆ ರೂಪಿಸಿದ್ದು. 20 ಮೀಟರ್ ಅಂತರದ ಎರಡು ಗೆರೆಗಳ ನಡುವೆ ಬೀಪ್ ಸದ್ದಿಗೆ ಸರಿಯಾಗಿ ಓಡಬೇಕು. ವೇಗ ಗಂಟೆಗೆ 8.5 ಕಿಲೋಮೀಟರಿನಿಂದ ಶುರುವಾಗಿ ನಿಮಿಷಕ್ಕೊಮ್ಮೆ 0.5 ಏರುತ್ತದೆ. ಮೊದಲ ಮೂರು ನಿಮಿಷ ಸದ್ದಿಗಿಂತ ಮುಂಚೆ ಗೆರೆ ತಲುಪಿ ಕಾಯುವ ಮಗು ಕೊನೆಗೆ ಬೇಕಾಗುವ ಶಕ್ತಿಯನ್ನು ಅಲ್ಲೇ ಸುರಿಯುತ್ತದೆ.

ವಿಂಗೇಟ್ ಎಂಬ ಸೈಕಲ್ ಪರೀಕ್ಷೆ ಹಿರಿಯ ಆಟಗಾರರಿಗೆ. ದೇಹತೂಕದ 7.5 ಶೇಕಡದಷ್ಟು ಬ್ರೇಕ್ ಭಾರ ಹಾಕಿ, ಅಂದರೆ 70 ಕೆಜಿಯವರಿಗೆ 5.25 ಕೆಜಿ, 30 ಸೆಕೆಂಡ್ ಪೂರ್ತಿ ಬಲದಿಂದ ತುಳಿಯಬೇಕು. ಐಸ್ ಮೇಲೆ ಒಬ್ಬ ಆಟಗಾರ ಒಂದು ಸಲಕ್ಕೆ ಸುಮಾರು 45 ಸೆಕೆಂಡ್ ಆಡಿ ಬೆಂಚಿಗೆ ಮರಳುವುದರಿಂದ ಈ ಪರೀಕ್ಷೆ ಆಟಕ್ಕೆ ಹತ್ತಿರ. ವಾಂತಿಯಾಗುವುದು ಸಾಮಾನ್ಯ, ಊಟ ಮುಗಿದು ಎರಡು ಮೂರು ಗಂಟೆ ಆಗಿರಲಿ. ಇದನ್ನು ಮನೆಯಲ್ಲಿ ಅನುಕರಿಸಬೇಡಿ.

ಒಂದು ಅಂಕಿಗೆ ಮಗುವಿನ ಭವಿಷ್ಯ ಕಟ್ಟಬೇಡಿ. 2014ರಲ್ಲಿ, ಉತ್ತರ ಅಮೆರಿಕದ ವೃತ್ತಿಪರ ಲೀಗ್ ಎನ್‌ಎಚ್‌ಎಲ್ ಹೊಸ ಆಟಗಾರರಿಗೆ ನಡೆಸುವ ಸ್ಕೌಟಿಂಗ್ ಕಂಬೈನ್ ಎಂಬ ದೈಹಿಕ ಪರೀಕ್ಷೆಯಲ್ಲಿ ಸ್ಯಾಮ್ ಬೆನೆಟ್‌ಗೆ ಒಂದೇ ಒಂದು ಪುಲ್-ಅಪ್ ತೆಗೆಯಲಾಗಲಿಲ್ಲ. ಮುಂದಿನ ತಿಂಗಳು ನಡೆದ, ತಂಡಗಳು ಸರದಿಯಂತೆ ಹೊಸಬರನ್ನು ಆರಿಸುವ ಡ್ರಾಫ್ಟ್‌ನಲ್ಲಿ ಕ್ಯಾಲ್ಗರಿ ತಂಡ ಅವರನ್ನು ನಾಲ್ಕನೆಯವರಾಗಿ ಆರಿಸಿತು. 2025ರ ಪ್ಲೇಆಫ್‌ನ ಶ್ರೇಷ್ಠ ಆಟಗಾರನಿಗೆ ಸಲ್ಲುವ ಕಾನ್ ಸ್ಮೈತ್ ಟ್ರೋಫಿ ಅವರದಾಯಿತು.

ತೊಡೆಯ ಒಳಭಾಗ

ಉಳಿದೆಲ್ಲ ಬಿಟ್ಟರೂ ಇದನ್ನು ಬಿಡಬೇಡಿ. ಸ್ಕೇಟ್ ಮಾಡುವಾಗ ಕಾಲು ಹಿಂದಕ್ಕೂ ಪಕ್ಕಕ್ಕೂ ತಳ್ಳುತ್ತದೆ. ಹಾಗೆ ಹೊರಟ ಕಾಲನ್ನು ತಡೆದು ಒಳಗೆ ಎಳೆದುಕೊಳ್ಳುವುದು ತೊಡೆಯ ಒಳಗಿನ ಸ್ನಾಯು. ಹೊರಗೆ ತಳ್ಳುವ ಸ್ನಾಯು ಬಲಿತು ಒಳಗಿನದು ಹಿಂದುಳಿದರೆ ತೊಡೆಸಂದಿಯಲ್ಲಿ ಸೆಳೆತವಾಗಿ ವಾರಗಟ್ಟಲೆ ಆಟ ತಪ್ಪುತ್ತದೆ. ಎನ್‌ಎಚ್‌ಎಲ್ ಆಟಗಾರರ ಮೇಲಿನ ಒಂದು ಅಧ್ಯಯನದಲ್ಲಿ, ಒಳತೊಡೆಯ ಬಲ ಹೊರಗಿನದರ 80 ಶೇಕಡಕ್ಕಿಂತ ಕಡಿಮೆ ಇದ್ದವರಿಗೆ ಈ ಪೆಟ್ಟಾಗುವ ಸಂಭವ 17 ಪಟ್ಟು ಹೆಚ್ಚಿತ್ತು.

ಇದಕ್ಕೆ ಕೋಪನ್‌ಹೇಗನ್ ಪ್ಲ್ಯಾಂಕ್ ಎಂಬ ಕಸರತ್ತಿದೆ. ಊರಮನೆಯ ಜಗಲಿ ಇದಕ್ಕೆ ಹೇಳಿ ಮಾಡಿಸಿದಂತಿದೆ. ಮಗು ಜಗಲಿಯ ಕೆಳಗೆ ಪಕ್ಕಕ್ಕೆ ಮಲಗಿ, ಮೊಣಕೈ ನೆಲಕ್ಕೂರಿ, ಮೇಲಿನ ಕಾಲಿನ ಮಂಡಿಯ ಒಳಭಾಗವನ್ನು ಜಗಲಿಯ ಮೇಲಿಟ್ಟು ಸೊಂಟ ಎತ್ತಬೇಕು. ಭುಜ, ಸೊಂಟ, ಮಂಡಿ ಒಂದೇ ಗೆರೆ. 10 ಸೆಕೆಂಡ್, ಎರಡೂ ಕಡೆ ಮೂರು ಮೂರು ಸಲ, ವಾರಕ್ಕೆ ಎರಡು ದಿನ. ಮೂರು ವಾರ ಮಂಡಿಯ ಆಸರೆಯಲ್ಲೇ ಮಾಡಿ 20 ಸೆಕೆಂಡಿಗೆ ಏರಿಸಿ, ಆಮೇಲೆ ಪಾದವನ್ನು ಜಗಲಿಯ ಮೇಲಿಡಿ. ಮೊದಲ ದಿನವೇ ಪಾದ ಇಟ್ಟರೆ ಮರುದಿನ ನಡೆಯಲು ಕಷ್ಟ. ಸ್ನಾಯು ಬಿಗಿಯುವ ನೋವು ಸರಿ; ಸಂದಿಯ ಮೂಳೆಯ ಹತ್ತಿರ ಚುಚ್ಚಿದರೆ ನಿಲ್ಲಿಸಿ. ಗೋಲ್‌ಕೀಪರ್ ಮಗುವಿಗಂತೂ ಇದು ವರ್ಷವಿಡೀ ಬೇಕು.

ಊರಿನ ಐದು ವಾರ

ಮೇ, ಜೂನ್‌ನಲ್ಲಿ ಕೆನಡಾದ ಜಿಮ್‌ನಲ್ಲಿ ವಾರಕ್ಕೆ ಮೂರು ದಿನ ಸ್ಕ್ವಾಟ್, ಡೆಡ್‌ಲಿಫ್ಟ್, ಒಂಟಿಕಾಲಿನ ಸ್ಕ್ವಾಟ್, ಪುಷ್-ಅಪ್, ಪುಲ್-ಅಪ್ ಮಾಡಿಸಿ. ಮೂರು ಸೆಟ್, ಎಂಟರಿಂದ ಹತ್ತು ಸಲ, ಇನ್ನೂ ಎರಡು ಸಲ ಎತ್ತಲು ಆಗುವಷ್ಟು ಉಳಿಸಿ ನಿಲ್ಲಿಸಬೇಕು. ಹೀಗೆ ಕಟ್ಟಿದ ಬಲ ಊರಿನಲ್ಲಿ ಕರಗಿಹೋಗುತ್ತದೆ ಎಂಬ ಭಯ ಬೇಡ. ಭಾರ ಇಳಿಸದೆ ವಾರಕ್ಕೆ ಒಂದೆರಡು ಸಲ ಎತ್ತಿದರೂ ಬಲ ಉಳಿಯುತ್ತದೆ. ಬೇಗ ಇಳಿಯುವುದು ದಮ್ಮು.

ಹಾಸನದಲ್ಲಾಗಲಿ ಚಿಕ್ಕಮಗಳೂರಿನಲ್ಲಾಗಲಿ ಒಂದು ತಿಂಗಳಿಗೆ ಸೇರಿಸಿಕೊಳ್ಳುವ ಜಿಮ್ ಸಿಗುತ್ತದೆ. ಅಲ್ಲಿ ದೊಡ್ಡ ಅಪಾಯ ಅಳತೆಯದು. ಕೆನಡಾದ ಬಹಳಷ್ಟು ಜಿಮ್‌ಗಳಲ್ಲಿ ಪ್ಲೇಟುಗಳು ಪೌಂಡಿನವು, ಇಲ್ಲಿ ಕೆಜಿಯವು. 45 ಪೌಂಡಿನ ರಾಡಿಗೆ ‘25’ ಎಂದು ಬರೆದ ಎರಡು ಪ್ಲೇಟು ಹಾಕಿದರೆ ಅಲ್ಲಿ 95 ಪೌಂಡ್, ಅಂದರೆ 43 ಕೆಜಿ. ಇಲ್ಲಿ 20 ಕೆಜಿಯ ರಾಡಿಗೆ ‘25’ರ ಎರಡು ಪ್ಲೇಟು ಹಾಕಿದರೆ 70 ಕೆಜಿ, ಅಂದರೆ 154 ಪೌಂಡ್. ಅಭ್ಯಾಸಬಲದಿಂದ ಕೈ ಅದೇ ಸಂಖ್ಯೆಗೆ ಹೋಗುತ್ತದೆ, ಬೆನ್ನಿಗೆ ಪೆಟ್ಟಾಗುತ್ತದೆ. ಹೊರಡುವ ಮೊದಲೇ ಮಗುವಿನ ಪಟ್ಟಿಯ ಪ್ರತಿ ಭಾರವನ್ನೂ 2.2ರಿಂದ ಭಾಗಿಸಿ ಕೆಜಿಯಲ್ಲಿ ಬರೆದಿಡಿ.

ಜಿಮ್ ದೂರವಾದರೆ 25 ಕೆಜಿಯ ಅಕ್ಕಿ ಮೂಟೆ ಇದೆ. ಹೆಗಲಿಗೆ ಏರಿಸದೆ ಎದೆಗೆ ಅಪ್ಪಿ ಹಿಡಿದು 20 ಮೀಟರ್ ನಡೆಯುವುದು, ನಾಲ್ಕು ಸಲ. ಎತ್ತುವಾಗ ಮಂಡಿ ಮಡಿಸಲಿ, ಬೆನ್ನು ಗೂನಾಗದಿರಲಿ.

ಓಟಕ್ಕೆ ಎರಡೂ ಊರುಗಳಲ್ಲಿ ಜಿಲ್ಲಾ ಕ್ರೀಡಾಂಗಣವಿದೆ. ಹಾಸನ ಪೇಟೆಯಲ್ಲಿ ಜುಲೈ ಮಳೆ ತಡೆಯಬಹುದಾದದ್ದು. ಸಕಲೇಶಪುರ, ಮೂಡಿಗೆರೆ ಕಡೆ ಬೆಳಗಿನಿಂದ ಬೈಗಿನವರೆಗೆ ಸುರಿಯುತ್ತಲೇ ಇರುತ್ತದೆ. ತೋಟದ ಮನೆಯವರಿಗೆ ಕಾಫಿ ಒಣಗಿಸುವ ಕಣ ಕಣ್ಣಿಗೆ ಬೀಳುತ್ತದೆ: ಸಿಮೆಂಟಿನ ಸಮತಟ್ಟು ನೆಲ, ಕೊಯ್ಲಿನವರೆಗೆ ಖಾಲಿ. ಆದರೆ ಮಳೆಗಾಲದಲ್ಲಿ ಅದರ ಮೇಲೆ ತೆಳ್ಳಗೆ ಪಾಚಿ ಕಟ್ಟಿರುತ್ತದೆ, ದೂರದಿಂದ ಕಾಣುವುದಿಲ್ಲ. 5-10-5ರ ತಿರುವಿನಲ್ಲಿ ಕಾಲು ಜಾರಿದರೆ ಪೆಟ್ಟು ಬೀಳುವುದು ಮೇಲೆ ಹೇಳಿದ ಅದೇ ಒಳತೊಡೆಗೆ. ಒಂದು ಮೂಲೆಯನ್ನು ಬ್ಲೀಚಿಂಗ್ ಪುಡಿ ಹಾಕಿ ಗಟ್ಟಿ ಪೊರಕೆಯಿಂದ ಉಜ್ಜಿ, ತೊಳೆದು, ಒಣಗಿದ ಮೇಲೆ ಬಳಸಿ. ಇಲ್ಲವಾದರೆ ಕಣದಲ್ಲಿ ನೇರ ಓಟ ಕೂಡ ಬೇಡ.

ದಮ್ಮಿಗೆ ವಾರಕ್ಕೆ ಎರಡು ದಿನ ಏರುದಾರಿ ಓಟ: 30 ಸೆಕೆಂಡ್ ಜೋರಾಗಿ ಮೇಲಕ್ಕೆ, ನಡೆದು ಕೆಳಕ್ಕೆ, ಎರಡು ನಿಮಿಷ ವಿಶ್ರಾಂತಿ. ಆರು ಸಲದಿಂದ ಶುರುಮಾಡಿ ಹತ್ತಕ್ಕೆ ತನ್ನಿ. ಏರಿನಲ್ಲಿ ಮಂಡಿ, ಹಿಮ್ಮಡಿಗೆ ಬೀಳುವ ಹೊಡೆತ ಕಡಿಮೆ. 1,930 ಮೀಟರಿನ ಮುಳ್ಳಯ್ಯನಗಿರಿ ಹತ್ತುವುದು ಚೆನ್ನ, ಅದು ಸುತ್ತಾಟದ ದಿನಕ್ಕಿರಲಿ. ಮಂಜಿನಲ್ಲಿ, ಇಂಬಳದ ನಡುವೆ ತರಬೇತಿ ಸಾಗುವುದಿಲ್ಲ. ಶ್ರವಣಬೆಳಗೊಳದ ವಿಂಧ್ಯಗಿರಿಯ ಮೆಟ್ಟಿಲುಗಳಲ್ಲಿ ಓಡಿಸುವ ಯೋಚನೆ ಕೆಲವರಿಗೆ ಬರುತ್ತದೆ. ಅದು ಬರಿಗಾಲಿನಲ್ಲಿ ಹತ್ತುವ ಕ್ಷೇತ್ರ, ವಯಸ್ಸಾದವರು ಉಸಿರು ಹಿಡಿದು ಏರುವ ಜಾಗ. ಅಲ್ಲಿ ದರ್ಶನಕ್ಕೆ ಹೋಗಿ ಬನ್ನಿ.

ಅಜ್ಜಿಯ ಅಡುಗೆ

60 ಕೆಜಿ ತೂಕದ ಹುಡುಗನಿಗೆ ಈ ಕಾಲದಲ್ಲಿ ದಿನಕ್ಕೆ ಸುಮಾರು 85ರಿಂದ 100 ಗ್ರಾಂ ಪ್ರೋಟೀನ್ ಬೇಕು. ಮುದ್ದೆ, ಹುರುಳಿಕಟ್ಟಿನ ಸಾರು ಒಳ್ಳೆಯ ಊಟ. ರಾಗಿಯಲ್ಲಿ ಸುಣ್ಣದ ಅಂಶ ಧಾರಾಳವಾಗಿದೆ. ಆದರೆ ಹುರುಳಿಯ ಪ್ರೋಟೀನಿನ ಬಹುಪಾಲು ಕಾಳಿನಲ್ಲೇ ಉಳಿಯುತ್ತದೆ, ಕಟ್ಟಿಗೆ ಇಳಿಯುವುದು ಸ್ವಲ್ಪ. ಬಸಿದ ಕಾಳಿನ ಪಲ್ಯ ಮಗುವಿನ ತಟ್ಟೆಗೆ ದೊಡ್ಡ ಸೌಟಿನಲ್ಲಿ ಬೀಳಲಿ. ಒಂದು ಮೊಟ್ಟೆಗೆ 6 ಗ್ರಾಂ, ಒಂದು ಬಟ್ಟಲು ಮೊಸರಿಗೆ ಸುಮಾರು 7 ಗ್ರಾಂ ಎಂದು ಲೆಕ್ಕವಿಡಿ. ಡಬ್ಬಿಯ ಪುಡಿಗಳನ್ನು ಸುಮ್ಮನೆ ಕೊಳ್ಳಬೇಡಿ. ನಿಷೇಧಿತ ಮದ್ದು ಬೆರೆತಿದ್ದರೆ ಹೊಣೆ ಆಟಗಾರನದೇ. ಬೇಕೇಬೇಕಾದರೆ ‘ಎನ್‌ಎಸ್‌ಎಫ್ ಸರ್ಟಿಫೈಡ್ ಫಾರ್ ಸ್ಪೋರ್ಟ್’ ಗುರುತಿರುವುದನ್ನು ಕೆನಡಾದಿಂದಲೇ ತನ್ನಿ.

ಹಿಂತಿರುಗಿದ ಮೇಲೆ

ಆಯ್ಕೆಗೆ ಕನಿಷ್ಠ ಮೂರು ವಾರ ಮುಂಚೆ ಮರಳಿರಿ. ಟೊರೊಂಟೊಗೂ ಹಾಸನಕ್ಕೂ ಬೇಸಿಗೆಯಲ್ಲಿ ಒಂಬತ್ತೂವರೆ ಗಂಟೆಯ ಅಂತರ. ನಿದ್ದೆ ಸರಿಹೋಗಲು ಒಂದು ವಾರ ಬೇಕು. ಆ ವಾರ ಭಾರ ಎತ್ತಿಸಬೇಡಿ, ಎರಡು ಮೂರು ಸಲ ಅರ್ಧರ್ಧ ಗಂಟೆ ಸ್ಕೇಟ್ ಸಾಕು. ಎರಡನೇ ವಾರದಿಂದ ಜೋರು ಓಟ, ಜಿಗಿತ. ಕೊನೆಯ ನಾಲ್ಕು ದಿನ ಕಾಲಿಗೆ ಭಾರವಿಲ್ಲ.

ಒಂಟಾರಿಯೊದಲ್ಲಿ ನೋಂದಣಿಗೆ ಮುಂಚೆ ರೋವನ್ಸ್ ಲಾ ಪ್ರಕಾರ ತಲೆಪೆಟ್ಟಿನ ಮಾಹಿತಿ ಓದಿ ಒಪ್ಪಿಗೆ ಕೊಡಬೇಕು. ಓದದೆ ಗುರುತು ಹಾಕಬೇಡಿ. ಪೆಟ್ಟಾದ ಮಗು ವೈದ್ಯರ ಅನುಮತಿಯಿಲ್ಲದೆ ಆಟಕ್ಕೆ ಮರಳುವಂತಿಲ್ಲ. 19 ವರ್ಷದವರಿಗೂ ಅದಕ್ಕಿಂತ ಚಿಕ್ಕವರಿಗೂ ಸರ್ಕಾರದ ನೆರವಿರುವ ಫಿಸಿಯೋಥೆರಪಿ ಕ್ಲಿನಿಕ್‌ಗಳಲ್ಲಿ ಒಂಟಾರಿಯೊದ ಸರ್ಕಾರಿ ಆರೋಗ್ಯ ವಿಮೆಯಾದ ಓಹಿಪ್ ಖರ್ಚು ಭರಿಸುತ್ತದೆ, ಮನೆಯ ವೈದ್ಯರ ಚೀಟಿ ತೆಗೆದುಕೊಂಡು ಹೋಗಿ.

ಬಂದ ದಿನವೇ ಸ್ಕೇಟ್ ಹಾಕಿಸಿ ನೋಡಿ. ಬೇಸಿಗೆಯಲ್ಲಿ ಪಾದ ಬೆಳೆದಿರಬಹುದು. ಲೇಸ್ ಬಿಚ್ಚಿ, ಬೆರಳು ಮುಂದಕ್ಕೆ ತಾಗುವಂತೆ ನಿಲ್ಲಿಸಿ, ಹಿಮ್ಮಡಿಯ ಹಿಂದೆ ನಿಮ್ಮ ಒಂದು ಬೆರಳು ಬಿಗಿಯಾಗಿ ಹೋಗಬೇಕು. ಹೋಗದಿದ್ದರೆ ಹೊಸ ಜೋಡಿ ಆ ವಾರವೇ ಕೊಳ್ಳಿ, ಕಾಲಿಗೆ ಒಗ್ಗಲು ಐದಾರು ಸಲ ಐಸ್ ಮೇಲೆ ಇಳಿಯಬೇಕಾಗುತ್ತದೆ. ಹಳೆಯದೇ ಸರಿಹೊಂದಿದರೆ ಬ್ಲೇಡಿನ ತುಕ್ಕು ನೋಡಿ ಸಾಣೆ ಹಿಡಿಸಿ, ಹೋದ ವರ್ಷ ಹಿಡಿಸಿದ ಅಳತೆಯನ್ನೇ ಅಂಗಡಿಯವರಿಗೆ ಹೇಳಿ.