ಏಡಿ ಬೋನು ಎತ್ತೋದು: ಬಲ ಬೇಕಾದ್ದು ರಟ್ಟೆಗಲ್ಲ

ಸಿಯಾಟಲ್‌ನಿಂದ ಉತ್ತರಕ್ಕೆ ಎವರೆಟ್ ಅಂತ ಊರು. ಬೇಸಿಗೆಯಲ್ಲಿ ಏಡಿ ಸೀಸನ್ ಶುರುವಾದರೆ ಗಂಡ ಹೆಂಡತಿ ಇಬ್ಬರೂ ನಮ್ಮ 16 ಅಡಿಯ ಅಲ್ಯೂಮಿನಿಯಂ ದೋಣಿ ಇಳಿಸಿಕೊಂಡು ಒಳನಾಡಿಗೆ ಚಾಚಿದ ಸಮುದ್ರವಾದ ಪ್ಯುಜೆಟ್ ಸೌಂಡ್‌ಗೆ ಹೊರಡುತ್ತೇವೆ. ಬೋನು ಹಾಕೋದು ಸಲೀಸು. ಚಿಕನ್ ಕಾಲೋ ಸಾಲ್ಮನ್ ತಲೆಯೋ ಒಳಗೆ ಕಟ್ಟಿ ಬಿಟ್ಟರಾಯಿತು. ಕೆಲಸ ಇರೋದು ಎತ್ತುವಾಗ.

ಏಡಿ ಬೋನು 60-80 ಅಡಿ ಆಳದಲ್ಲಿದ್ದರೆ ಕೈಯಲ್ಲೇ ಎಳೆಯಬಹುದು. ಮೇ ತಿಂಗಳ ಸ್ಪಾಟ್ ಅನ್ನೋ ಜಾತಿಯ ಸೀಗಡಿಗೆ 300 ಅಡಿಯವರೆಗೂ ಇಳಿಸುತ್ತೇವೆ, ಅದಕ್ಕೆ ಹಗ್ಗ ಎಳೆಯೋ ಬ್ಯಾಟರಿ ಪುಲ್ಲರ್ ಇಲ್ಲದಿದ್ದರೆ ನನ್ನ ಬೆನ್ನು ಕೇಳಲ್ಲ. ಆದರೆ ಪುಲ್ಲರ್ ಇರಲಿ ಬಿಡಲಿ, ದೋಣಿ ಹಗ್ಗದ ಯಾವ ಕಡೆ ನಿಂತಿದೆ ಅನ್ನೋದೇ ಮುಖ್ಯ.

ಮೊದಲು ಟೈಡ್ ಟೇಬಲ್ (ಉಬ್ಬರ ಇಳಿತದ ವೇಳಾಪಟ್ಟಿ) ನೋಡಿ, ಸೆಳೆತ ಕಡಿಮೆ ಇರೋ ಹೊತ್ತಿಗೆ ಹೋಗ್ತೀವಿ. ನೀರು ಜೋರಾಗಿ ಹರಿಯುವಾಗ ಬೂಯ್, ಅಂದರೆ ಹಗ್ಗದ ತುದಿಗೆ ಕಟ್ಟಿದ ತೇಲುವ ಗುರುತು, ಮುಳುಗಿಬಿಡುತ್ತೆ, ಅಲ್ಲೇ ಸುತ್ತಿದರೂ ಕಾಣಲ್ಲ. ಅದಕ್ಕೇ ಹಗ್ಗ ಆಳಕ್ಕಿಂತ ಮೂರನೇ ಒಂದು ಭಾಗ ಜಾಸ್ತಿ ಬಿಡುತ್ತೇನೆ, ಅದೂ ಮುಳುಗುವ ಹಗ್ಗವನ್ನೇ. ತೇಲುವ ಹಗ್ಗ ಯಾರದೋ ಪ್ರೊಪೆಲ್ಲರ್‌ಗೆ ಸುತ್ತುತ್ತೆ. ಮುಕಿಲ್ಟಿಯೋ ಫೆರಿ ಓಡಾಡುವ ದಾರಿಯಲ್ಲಂತೂ ಬೋನು ಹಾಕಲೇಬಾರದು. ಪ್ಯುಜೆಟ್ ಸೌಂಡ್‌ನಲ್ಲಿ ವರ್ಷಕ್ಕೆ ಅಂದಾಜು 12,000 ಏಡಿ ಬೋನು ಕಳೆದುಹೋಗುತ್ತವಂತೆ. ಹಾಗೆ ಹೋದ ಬೋನು ತಳದಲ್ಲಿ ಸುಮ್ಮನೆ ಏಡಿ ಕೊಲ್ಲುತ್ತಾ ಕೂರಬಾರದು ಅಂತಲೇ ಮುಚ್ಚಳವನ್ನು ಹತ್ತಿ ದಾರದಲ್ಲಿ ಕಟ್ಟಬೇಕೆಂಬ ಕಾನೂನು. ದಾರ ಕೊಳೆತರೆ ಬಾಗಿಲು ತಾನೇ ತೆರೆಯುತ್ತೆ.

ಅರ್ಧ ಕೆಂಪು ಅರ್ಧ ಬಿಳಿ ಬೂಯ್ ಕಂಡ ಮೇಲೆ ಹೆಂಡತಿ ಸ್ಟೀರಿಂಗ್ ಹಿಡೀತಾಳೆ. ಸೆಳೆತಕ್ಕೆ ಎದುರಾಗಿ ನಿಧಾನಕ್ಕೆ ಬರಬೇಕು, ಬೂಯ್ ಗಾಳಿ ಬರುವ ಮಗ್ಗುಲಿಗೆ ಸಿಗಬೇಕು. ಆಗ ಗಾಳಿ ನಮ್ಮನ್ನು ಹಗ್ಗದಿಂದ ದೂರ ತಳ್ಳುತ್ತೆ. ಉಲ್ಟಾ ಆದರೆ ದೋಣಿ ಹಗ್ಗದ ಮೇಲೇ ಹೋಗಿ ಕೂರುತ್ತೆ. ಕೋಲಿನ ಕೊಕ್ಕೆಗೆ ಹಗ್ಗ ಸಿಕ್ಕಿದ ತಕ್ಷಣ ನಾನು "ನ್ಯೂಟ್ರಲ್!" ಅಂತೀನಿ. "ಹಾಕಿ ಆಯ್ತು ರೀ, ನೀವು ಎಳೀರಿ" ಅಂತ ಉತ್ತರ ಬರುತ್ತೆ. ಆ ಉತ್ತರ ಕಿವಿಗೆ ಬೀಳುವವರೆಗೆ ಒಂದು ಮೊಳವೂ ಎಳೆಯಲ್ಲ.

ಸಡಿಲ ಹಗ್ಗವನ್ನು ಮೊದಲು ಬೇಗಬೇಗ ಎಳೆದುಕೊಂಡು ದೋಣಿಯನ್ನು ಬೋನಿನ ನೆತ್ತಿಗೆ ತರುತ್ತೇನೆ. ಆಮೇಲೆ ನೇರ ಮೇಲಕ್ಕೆ. ಓರೆಯಾಗಿ ಎಳೆದರೆ ಬೋನು ತಳದಲ್ಲಿ ಉರುಳುತ್ತಾ ಕೆಸರು ಬಾಚುತ್ತೆ. ಹಗ್ಗ ಕಾಲ ಬುಡದಲ್ಲಿ ಬೀಳಬಾರದು, ಬಕೆಟ್ಟಿಗೇ ಹೋಗಬೇಕು. ಮತ್ತೆ ಬೋನು ಬಿಡುವಾಗ ಮೇಲಿನ ಸುತ್ತು ಮೊದಲು ಬಿಚ್ಚಿಕೊಂಡು ಸರಸರ ಹೋಗುತ್ತೆ, ಪಾದಕ್ಕೆ ಸಿಕ್ಕರೆ ನಿಮ್ಮನ್ನೂ ಎಳ್ಕೊಂಡು ಹೋದೀತು. ಬೋನು ಅಂಚಿಗೆ ಬಂದಾಗ ಇಬ್ಬರೂ ಒಂದೇ ಕಡೆ ಬಗ್ಗಲೂಬಾರದು. ನಾನು ಎತ್ತುವಾಗ ಅವಳು ಆಚೆ ಬದಿಯಲ್ಲೇ ಕೂತಿರುತ್ತಾಳೆ, ಏಡಿ ನೋಡುವ ಆಸೆ ಎಷ್ಟೇ ಇದ್ದರೂ. ಲೈಫ್ ಜಾಕೆಟ್ ವಿಷಯ ಹೇಳಲೇಬೇಕಿಲ್ಲ. ಈ ನೀರು ಬೇಸಿಗೆಯಲ್ಲೂ ಕೊರೆಯುತ್ತೆ.

ಏಡಿಯನ್ನು ಹಿಂದಿನಿಂದ ಹಿಡಿದು ಹೊಟ್ಟೆ ತಿರುಗಿಸಿ ನೋಡಬೇಕು. ಹೊಟ್ಟೆಯ ಪಟ್ಟಿ ಕಿರಿದಾಗಿ ಚೂಪಾಗಿದ್ದರೆ ಗಂಡು, ಅಗಲವಾಗಿದ್ದರೆ ಹೆಣ್ಣು. ಡಂಜನೆಸ್ ಅನ್ನೋ ಜಾತಿಯ ಏಡಿಯಲ್ಲಿ ಹೆಣ್ಣು ಇಟ್ಟುಕೊಳ್ಳುವ ಹಾಗಿಲ್ಲ. ಗಂಡಾದರೆ ಬೆನ್ನಿಗೆ ಗೇಜ್ ಇಟ್ಟು ಅಗಲ ಆರೂಕಾಲು ಇಂಚು ಇದೆಯಾ ನೋಡಿ, ಚಿಪ್ಪು ಒತ್ತಿ ನೋಡುತ್ತೇನೆ. ಮೆತ್ತಗಿದ್ದರೆ ಪೊರೆ ಬಿಟ್ಟು ಸ್ವಲ್ಪ ದಿನ ಆಗಿದೆ ಅಂತ. ಒಳಗೆ ಮಾಂಸವೂ ಇರಲ್ಲ, ಇಡಲಿಕ್ಕೆ ಕಾನೂನೂ ಇಲ್ಲ, ವಾಪಸ್ ನೀರಿಗೆ. ತಲೆಗೆ ದಿನಕ್ಕೆ ಐದೇ. ಇಟ್ಟುಕೊಂಡಿದ್ದನ್ನು, ಹಿಡಿದದ್ದರ ಲೆಕ್ಕ ಇಡುವ ಕ್ಯಾಚ್ ಕಾರ್ಡಿನಲ್ಲಿ ಆಗಲೇ ಪೆನ್ನಿನಲ್ಲಿ ಬರೆಯುತ್ತೇನೆ, ಮುಂದಿನ ಬೋನಿನ ಕಡೆ ತಿರುಗುವ ಮೊದಲೇ.