ಮೊದಲು ಬಿಸಿ ರೊಟ್ಟಿ, ಆಮೇಲೆ ಮಾತು

ಗೋವಾದ ಜುವಾರಿನಗರದಲ್ಲಿ, ತಗಡಿನ ಮಾಡಿನ ಒಂದು ಕೋಣೆಯಲ್ಲಿ, ಎಳೆಮಕ್ಕಳ ತಾಯಂದಿರ ಗುಂಪನ್ನು ನಾನು ಮೊದಲ ಸಲ ಸೇರಿಸಿದಾಗ ಹನ್ನೊಂದು ಮಂದಿ ಬಂದಿದ್ದರು. ಎರಡನೆಯ ವಾರ ಮೂವರು. ಮೂರನೆಯ ವಾರ ನಾನು, ಚಾಪೆಗಳು ಮತ್ತು ಕೋಣೆಯ ಮಾಲೀಕರ ಬೆಕ್ಕು. ಕಾರಣ ಹುಡುಕಲು ದೂರ ಹೋಗಬೇಕಾಗಿರಲಿಲ್ಲ. ಗುಂಪಿಗೆ ನಾನು ಇಟ್ಟಿದ್ದ ಹೆಸರೇ ‘ತಾಯ್ತನ ತರಬೇತಿ’. ಮೂರು ಹೆತ್ತವಳಿಗೆ ಒಂದನ್ನೂ ಹೆರದ ನಾನು ತರಬೇತಿ ಕೊಡಲು ಹೊರಟಿದ್ದೆ. ಸಾಲದ್ದಕ್ಕೆ ಇಟ್ಟ ಹೊತ್ತು ಬೆಳಿಗ್ಗೆ ಹತ್ತು ಗಂಟೆ, ಆ ಓಣಿಗೆ ನೀರು ಬರುವ ಹೊತ್ತು.

ಬರುವವರಲ್ಲಿ ಹೆಚ್ಚಿನವರು ಗದಗ, ಕೊಪ್ಪಳ, ಬಾಗಲಕೋಟೆ, ವಿಜಯಪುರದ ಕಡೆಯವರು. ಗಂಡಂದಿರಿಗೆ ಗೌಂಡಿ ಕೆಲಸ, ಹಮಾಲಿ, ಡ್ರೈವರಿಕೆ. ಊರಿನಲ್ಲಾಗಿದ್ದರೆ ಬಾಣಂತಿಯ ಹೊರಸಿನ ಕೆಳಗೆ ಕೆಂಡ, ಡಬ್ಬಿಯಲ್ಲಿ ಅಂಟಿನ ಉಂಡೆ, ಮಗುವಿಗೆ ಎರೆಯಲು ಅಜ್ಜಿ, ಕುಂಚಿಗೆ ಹೊಲಿಯಲು ಚಿಕ್ಕಮ್ಮ. ಇಲ್ಲಿ ಹನ್ನೆರಡನೆಯ ದಿನಕ್ಕೆ ಕೊಡ ಹಿಡಿದು ನಳದ ಮುಂದೆ ಸರದಿ. ಈ ತಾಯಂದಿರಿಗೆ ಇಲ್ಲದಿದ್ದದ್ದು ತಿಳಿವಳಿಕೆಯಲ್ಲ, ಮಗುವನ್ನು ಎತ್ತಿಕೊಳ್ಳಲು ಇನ್ನೊಂದು ಜೊತೆ ಕೈ. ಇದು ನನಗೆ ಅರ್ಥವಾಗಲು ಒಂದು ಗುಂಪು ಪೂರ್ತಿ ಹಾಳಾಗಬೇಕಾಯಿತು.

ಮಾತಿನಲ್ಲೂ ಎಡವಿದೆ. ಹೆರಿಗೆಯ ನಂತರದ ಖಿನ್ನತೆಯನ್ನು ಗುರುತಿಸಲು 1987ರಿಂದ ಬಳಕೆಯಲ್ಲಿರುವ ಎಡಿನ್‌ಬರೋ ಪ್ರಶ್ನಾವಳಿಯಲ್ಲಿ ಹತ್ತು ಪ್ರಶ್ನೆಗಳಿವೆ, ಹಿಂದಿನ ಏಳು ದಿನಗಳು ಹೇಗಿದ್ದವು ಎಂಬುದರ ಬಗ್ಗೆ. ಅದರ ಕನ್ನಡ ರೂಪ ಇದೆ. ಆದರೆ ಆ ದಿನ ಹಾಳೆ ಮನೆಯಲ್ಲಿ ಉಳಿದಿತ್ತು. ಎಲ್ಲದರ ಭಾರ ತಡೆಯಲಾಗದಂತೆ ಅನಿಸುತ್ತಿದೆಯೇ ಎಂಬರ್ಥದ ಇಂಗ್ಲಿಷಿನ ಆರನೆಯ ಪ್ರಶ್ನೆಯನ್ನು ನಿಂತಲ್ಲೇ ಪದಕ್ಕೆ ಪದ ಕನ್ನಡಕ್ಕೆ ತಿರುಗಿಸಿ ಕೇಳಿದೆ: ‘ಎಲ್ಲವೂ ಮೈಮೇಲೆ ಬಂದಂತೆ ಆಗುತ್ತಿದೆಯೇ?’ ಒಬ್ಬಾಕೆ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕರು. ‘ನನ್ನ ಮೈಮೇಲೆ ಯಾರೂ ಬರುವುದಿಲ್ಲ ಅಕ್ಕಾ. ಎಲ್ಲಮ್ಮ ಬರುವುದು ನಮ್ಮ ಅತ್ತೆಯ ಮೈಮೇಲೆ.’ ಕೋಣೆಯೆಲ್ಲ ನಕ್ಕಿತು. ಅಂದಿನಿಂದ ಹಾಳೆ ಇಲ್ಲದೆ ಆ ಪ್ರಶ್ನೆಗಳನ್ನು ಕೇಳಿಲ್ಲ. ಗುಂಪಿನ ನಡುವೆಯಂತೂ ಕೇಳುವುದೇ ಇಲ್ಲ, ಒಬ್ಬೊಬ್ಬರನ್ನೇ ಕೂರಿಸಿಕೊಂಡು ಓದಿ ಹೇಳುತ್ತೇನೆ. ಹತ್ತನೆಯ ಪ್ರಶ್ನೆ ತನಗೆ ತಾನೇ ಹಾನಿ ಮಾಡಿಕೊಳ್ಳುವ ಯೋಚನೆಯದು. ಅದನ್ನು ಅತ್ತಿಗೆ ನಾದಿನಿಯರ ಮುಂದೆ ಕೇಳಿದರೆ ಯಾರು ತಾನೇ ನಿಜ ಹೇಳುತ್ತಾರೆ?

ಕೇಳಲೇಬೇಕು ಎನ್ನುವುದಕ್ಕೆ ಕಾರಣ ಗೋವಾದಲ್ಲಿಯೇ ಇದೆ. ಮನೋವೈದ್ಯ ವಿಕ್ರಮ್ ಪಟೇಲ್ ಮತ್ತು ಸಂಗಡಿಗರು 2002ರಲ್ಲಿ ಪ್ರಕಟಿಸಿದ ಇಲ್ಲಿಯ ಅಧ್ಯಯನದಲ್ಲಿ, ಹೆರಿಗೆಯಾಗಿ ಆರರಿಂದ ಎಂಟು ವಾರಗಳಲ್ಲಿ ಶೇ 23ರಷ್ಟು ತಾಯಂದಿರಲ್ಲಿ ಖಿನ್ನತೆ ಕಂಡುಬಂದಿತ್ತು. ಬಡತನ, ಗಂಡನ ಹೊಡೆತ, ಹುಟ್ಟಿದ್ದು ಹೆಣ್ಣು ಎಂಬುದು, ಇವು ಅಲ್ಲಿ ಕಾಣಿಸಿದ ಕಾರಣಗಳು. ನನ್ನ ಚಾಪೆಯ ಮೇಲೂ ಅವೇ ಕೂತಿರುತ್ತಿದ್ದವು.

ಎರಡನೆಯ ಗುಂಪಿಗೆ ಹೆಸರು ಇಡಲಿಲ್ಲ. ಗುರುವಾರ ಮಧ್ಯಾಹ್ನ ಮೂರಕ್ಕೆ, ಏಳು ತಾಯಂದಿರು, ಹತ್ತು ವಾರ. ಸ್ಕಾಟ್ಲೆಂಡಿನಲ್ಲಿ ಹುಟ್ಟಿದ ‘ಮೆಲೋ ಪೇರೆಂಟಿಂಗ್’ ಎಂಬ ಕಾರ್ಯಕ್ರಮದಲ್ಲಿ ತಾಯಿ ಮಕ್ಕಳು ಒಟ್ಟಿಗೆ ಕೂತು ಊಟ ಮಾಡುವುದೇ ಕಲಿಕೆಯ ಒಂದು ಭಾಗ ಎಂದು ಓದಿದ್ದೆ. ನಾನು ಅದನ್ನು ರೊಟ್ಟಿಗೆ ಇಳಿಸಿದೆ. ಪಕ್ಕದ ಓಣಿಯಲ್ಲಿ ಜೋಳದ ರೊಟ್ಟಿ ಬಡಿದು ಮಾರುವ ಒಬ್ಬ ಅಜ್ಜಿಯಿಂದ ಬಿಸಿ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ ತರಿಸಿ ನಡುವೆ ಇಟ್ಟೆವು. ನಿಯಮ ಒಂದೇ: ಮಕ್ಕಳನ್ನು ಅದಲು ಬದಲು ಎತ್ತಿಕೊಳ್ಳುವುದು, ಊಟ ಮಾಡುವವಳ ತೊಡೆ ಖಾಲಿ ಇರಬೇಕು. ಕೊಪ್ಪಳ ಕಡೆಯ ತಾಯಿಯೊಬ್ಬರು ತಟ್ಟೆ ಮುಂದಿಟ್ಟುಕೊಂಡು ಸ್ವಲ್ಪ ಹೊತ್ತು ಸುಮ್ಮನೆ ಕೂತರು. ‘ಒಂದು ಕೈಯಲ್ಲಿ ಮಗು, ಒಂದು ಕೈಯಲ್ಲಿ ಆರಿದ ರೊಟ್ಟಿ. ಎರಡು ಕೈಯಿಂದ ಮುರಿದು ತಿಂದು ಐದು ತಿಂಗಳಾಯಿತು’ ಎಂದರು. ಆ ದಿನ ನಾನು ಬೇರೇನೂ ಕಲಿಸಲಿಲ್ಲ.

ಈ ತಾಯಿಗೆ ಮೂರನೆಯದೂ ಹೆಣ್ಣು. ‘ಇದು ನನ್ನ ಮುಖವನ್ನೇ ನೋಡುವುದಿಲ್ಲ’ ಎಂಬುದು ಅವರ ದೂರು. ನಾಲ್ಕನೆಯ ವಾರ ಅವರ ಒಪ್ಪಿಗೆ ಪಡೆದು, ಅವರು ಮಗುವಿನ ಅಂಗಿ ಬದಲಿಸುವಾಗ ಮೊಬೈಲಿನಲ್ಲಿ ಚಿಕ್ಕ ವಿಡಿಯೊ ತೆಗೆದೆ. ವಿಡಿಯೊ ತೋರಿಸುವಾಗ ನಾನು ಪಾಲಿಸುವ ಕ್ರಮ ಒಂದಿದೆ: ತಾಯಿ ಮಗುವಿನ ನಡುವೆ ತಾಳ ತಪ್ಪಿದ ಗಳಿಗೆ ತೋರಿಸುವುದಿಲ್ಲ, ಕೂಡಿದ ಗಳಿಗೆ ಮಾತ್ರ. ಮೊದಲ ಸಲ ನೋಡಿದಾಗ ಅವರಿಗೆ ಕಂಡದ್ದು ತಮ್ಮ ಕೆದರಿದ ತಲೆ. ಎರಡನೆಯ ಸಲ ಏನೂ ಹೇಳಲಿಲ್ಲ. ಮೂರನೆಯ ಸಲ ಬೆರಳಿಟ್ಟು ನಿಲ್ಲಿಸಿದರು. ಅವರು ಗುಂಡಿ ಹಾಕಲು ತಲೆ ತಗ್ಗಿಸಿದ್ದಾರೆ. ಮಗು ಕಣ್ಣೆವೆ ಬಡಿಯದೆ ಅವರ ಮೂಗಿನ ನತ್ತನ್ನು ನೋಡುತ್ತಿದೆ. ಅವರು ತಲೆ ಎತ್ತಿದ ಕೂಡಲೇ ಅದು ಮುಖ ಪಕ್ಕಕ್ಕೆ ತಿರುಗಿಸಿ, ಎರಡು ಉಸಿರು ಬಿಟ್ಟು, ಮತ್ತೆ ತಿರುಗುತ್ತದೆ. ಅಷ್ಟರಲ್ಲಿ ಅವರ ಕಣ್ಣು ಬಾಗಿಲ ಕಡೆ. ‘ಕಳ್ಳಿ’ ಎಂದರು ಮಗುವಿಗೆ. ಮುಖ ತಿರುಗಿಸುವುದು ಮುನಿಸಲ್ಲ, ಎಳೆಕೂಸು ಸುಧಾರಿಸಿಕೊಳ್ಳುವ ರೀತಿ ಎಂದಷ್ಟೇ ನಾನು ಸೇರಿಸಿದೆ.

ಇಲ್ಲಿಯೂ ಹಿಂದೊಮ್ಮೆ ಕೆಡಿಸಿದ್ದೆ. ಅಮೆರಿಕದ ಮನಶ್ಶಾಸ್ತ್ರಜ್ಞ ಎಡ್ವರ್ಡ್ ಟ್ರೋನಿಕ್ 1970ರ ದಶಕದಲ್ಲಿ ನಡೆಸಿದ ಪ್ರಯೋಗವನ್ನು ಮೊದಲ ಗುಂಪಿಗೆ ವರ್ಣಿಸಿದ್ದೆ: ತಾಯಿ ಕೆಲವು ನಿಮಿಷ ಕಲ್ಲುಮುಖ ಮಾಡಿಕೊಂಡರೆ ಮಗು ಮೊದಲು ನಕ್ಕು ಕರೆದು, ಕೊನೆಗೆ ಸೋತು ಅಳುತ್ತದೆ. ಕೇಳಿದ ಒಬ್ಬಾಕೆ, ‘ಹಾಗಾದರೆ ನನ್ನ ಮಗು ಕೆಟ್ಟೇ ಹೋಯಿತೇ?’ ಎಂದು ಅತ್ತರು. ಅದೇ ಟ್ರೋನಿಕ್ ಹೇಳಿದ ಇನ್ನೊಂದು ಮಾತನ್ನು ನಾನು ನುಂಗಿದ್ದೆ. ಚೆನ್ನಾಗಿರುವ ತಾಯಿ ಮಕ್ಕಳೂ ತಾಳ ಕೂಡಿಸಿಕೊಂಡಿರುವುದು ಹತ್ತರಲ್ಲಿ ಸುಮಾರು ಮೂರು ಪಾಲು ಹೊತ್ತು. ಉಳಿದದ್ದೆಲ್ಲ ತಪ್ಪುವುದು, ಮತ್ತೆ ಕೂಡುವುದು. ಈಗ ಇದನ್ನೇ ಮೊದಲು ಹೇಳುತ್ತೇನೆ.

ಗುಂಪು ಎಲ್ಲಕ್ಕೂ ಮದ್ದಲ್ಲ. ನಿದ್ದೆಯೇ ಇಲ್ಲದೆ, ‘ಇದು ನನ್ನ ಮಗುವಲ್ಲ, ಬದಲಾಯಿಸಿದ್ದಾರೆ’ ಎನ್ನತೊಡಗಿದ ಒಬ್ಬರನ್ನು ಅದೇ ಸಂಜೆ ಮನೋವೈದ್ಯರ ಬಳಿ ಕರೆದೊಯ್ದೆವು. ಅಂಥದ್ದಕ್ಕೆ ಮುಂದಿನ ಗುರುವಾರದವರೆಗೆ ಕಾಯುವ ಹಾಗಿಲ್ಲ. ತಾಯಿ ಮಗು ಇಬ್ಬರನ್ನೂ ಒಟ್ಟಿಗೆ ಸೇರಿಸಿಕೊಳ್ಳುವ ವಾರ್ಡು ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿದೆ, ಆದರೆ ದೂರ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ಸಂಖ್ಯೆಯನ್ನು ಎಲ್ಲರ ಮೊಬೈಲಿಗೂ ಹಾಕಿಕೊಡುತ್ತೇನೆ. ಅಲ್ಲಿ ಕನ್ನಡದಲ್ಲಿ ಮಾತನಾಡಬಹುದು.

ಅಪ್ಪಂದಿರ ಗುಂಪನ್ನೂ ಒಂದು ಭಾನುವಾರ ಕರೆದೆ. ಇಬ್ಬರು ಬಂದರು. ಅವರಲ್ಲಿ ಒಬ್ಬರು ರೇಷನ್ ಕಾರ್ಡಿನ ಸಭೆ ಎಂದುಕೊಂಡು ಬಂದವರು.

ಇನ್ನೊಂದು ಮಾತು, ಈ ಕಡೆ ಗುಂಪು ನಡೆಸುವವರಿಗೆ: ಪಂಚಾಂಗ ನೋಡಿಕೊಂಡು ಶುರುಮಾಡಿ. ನಾಗರ ಪಂಚಮಿಗೆ ಹೆಣ್ಣುಮಕ್ಕಳೆಲ್ಲ ಮಕ್ಕಳನ್ನು ಕಟ್ಟಿಕೊಂಡು ತವರಿನ ರೈಲು ಹತ್ತುತ್ತಾರೆ; ಆಗ ಕೋಣೆಯಲ್ಲಿ ಉಳಿಯುವುದು ಮತ್ತೆ ಬೆಕ್ಕೇ. ಈ ವರ್ಷ ಹತ್ತನೆಯ ವಾರ ಪಂಚಮಿಗೆ ಮೊದಲೇ ಮುಗಿಯಿತು. ಮೂರು ವಾರ ಬಿಟ್ಟು ಕೋಣೆಯ ಮಾಲೀಕರು ಫೋನ್ ಮಾಡಿ, ಗುರುವಾರದ ಕರೆಂಟ್ ಬಿಲ್ಲನ್ನು ಯಾರು ಕೊಡುತ್ತೀರಿ ಎಂದು ಕೇಳಿದರು. ಗುಂಪು ಮುಗಿದಿದೆಯಲ್ಲ ಎಂದೆ. ಊರಿನಿಂದ ಮರಳಿದ ನಾಲ್ವರು ತಾವೇ ಬೀಗದ ಕೈ ಇಸಿದುಕೊಂಡು, ಅಜ್ಜಿಯಿಂದ ರೊಟ್ಟಿ ತರಿಸಿ, ಮೂರು ಗಂಟೆಗೆ ಕೂತಿದ್ದರಂತೆ. ನನಗೆ ಹೇಳಿರಲಿಲ್ಲ. ಬಿಲ್ಲನ್ನು ಮಾತ್ರ ನನ್ನ ಹೆಸರಿಗೆ ಬರೆಸಿದ್ದರು.